ಮುಂಬಯಿಯೊಳಗೆ ಅಗ್ಗದ ಫ್ಲ್ಯಾಟು: ಕಮ್ಮಿ ಆಗಿರುವುದು ಬೆಲೆಯೋ, ಕಾಗದವೋ?

ತಾರ್ದೇವದಲ್ಲಿ 34 ಮಾಳಿಗೆಯ ಒಂದು ಕಟ್ಟಡ. ಅದರ 17ನೇ ಮಾಳಿಗೆಯಿಂದ ಮೇಲೆ ಇದ್ದವರೆಲ್ಲ ಮನೆ ಖಾಲಿ ಮಾಡಬೇಕೆಂದು 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್ 1ರಂದು ಅಲ್ಲೂ ಆಸರೆ ಸಿಗಲಿಲ್ಲ. ಆ ಮಾಳಿಗೆಗಳಿಗೆ ಓಸಿ, ಅಂದರೆ ಜನ ವಾಸ ಮಾಡಬಹುದು ಎಂದು ಪಾಲಿಕೆ ಕೊಡುವ ಒಪ್ಪಿಗೆ, ಇರಲಿಲ್ಲ. ಅಗ್ನಿಶಾಮಕ ದಳದ ಒಪ್ಪಿಗೆಯೂ ಇರಲಿಲ್ಲ. ವರ್ಷಗಟ್ಟಲೆ ಸಂಸಾರ ಮಾಡಿದ್ದ ಮನೆಗಳವು.

ಇದಾಗಿ ಕೆಲವೇ ತಿಂಗಳಲ್ಲಿ ಸರ್ಕಾರದ ಕಡೆಯಿಂದ ಬೇರೆಯೇ ಮಾತು ಬಂತು. ಓಸಿ ಇಲ್ಲದ ಸಾವಿರಾರು ಕಟ್ಟಡಗಳಿಗೆ ದಂಡ ಕಟ್ಟಿಸಿಕೊಂಡು ಓಸಿ ಕೊಡಿಸುತ್ತೇವೆ ಎಂದರು. ಡಿಸೆಂಬರ್‌ನಲ್ಲಿ ನಾಗಪುರದ ಅಧಿವೇಶನದಲ್ಲಿ ಉಪಮುಖ್ಯಮಂತ್ರಿ ಏಕನಾಥ ಶಿಂಧೆ ಮುಂಬಯಿಯನ್ನು ಪಗಡಿ (ದುಡ್ಡು ಕೊಟ್ಟು ಬಾಡಿಗೆಯ ಹಕ್ಕನ್ನು ಮಾತ್ರ ಕೊಳ್ಳುವ ಹಳೆ ಪದ್ಧತಿ) ಮುಕ್ತ ಮಾಡುವ ಮಾತಾಡಿದರು.

ಒಂದು ಕಡೆ ಕೋರ್ಟು ಹೊರಗೆ ಹೋಗಿ ಅನ್ನುತ್ತದೆ. ಇನ್ನೊಂದು ಕಡೆ ಸರ್ಕಾರ ಸರಿಮಾಡಿಕೊಡುತ್ತೇವೆ ಅನ್ನುತ್ತದೆ. ಡೊಂಬಿವಲಿಯಲ್ಲೋ ನಾಲಾಸೋಪಾರಾದಲ್ಲೋ ಇದ್ದುಕೊಂಡು, ಊರಿನ ಜಾಗದ ಪಾಲಿನ ದುಡ್ಡು ಕೈಗೆ ಬಂದಾಗ ‘ಇನ್ನಾದರೂ ಒಳಗೆ ಬರೋಣ’ ಎಂದು ಸಯನ್, ಚೆಂಬೂರು, ಕುರ್ಲಾ ಕಡೆ ಮನೆ ನೋಡುತ್ತಿರುವ ಕನ್ನಡ ಕುಟುಂಬಕ್ಕೆ ಇದರಲ್ಲಿ ಯಾವುದನ್ನು ನಂಬಬೇಕು ಅನ್ನುವುದೇ ಗೊಂದಲ.

ಅಗ್ಗ ಯಾಕೆ ಅಗ್ಗ?

ಒಂದೇ ರಸ್ತೆಯಲ್ಲಿ ಅಕ್ಕಪಕ್ಕದ ಎರಡು ಕಟ್ಟಡ. ಎರಡರಲ್ಲೂ 400 ಚದರಡಿ ಕಾರ್ಪೆಟ್ (ಗೋಡೆಯೊಳಗಿನ ಜಾಗ). ಒಂದರ ಬೆಲೆ ಇನ್ನೊಂದಕ್ಕಿಂತ ಮೂರನೇ ಒಂದು ಪಾಲು ಕಮ್ಮಿ. ಬ್ರೋಕರ್ ‘ಮಾಲೀಕರಿಗೆ ಅರ್ಜೆಂಟ್ ಇದೆ’ ಅನ್ನುತ್ತಾನೆ. ಕೆಲವೊಮ್ಮೆ ಅದು ನಿಜವೇ. ಆದರೆ ಮುಂಬಯಿಯಂಥ ಊರಿನಲ್ಲಿ ಸ್ಟೇಶನ್ ಹತ್ತಿರದ ಮನೆಯನ್ನು ಕಾರಣವಿಲ್ಲದೆ ಅಷ್ಟು ಕಮ್ಮಿಗೆ ಯಾರೂ ಬಿಡುವುದಿಲ್ಲ. ಹೆಚ್ಚಿನ ಸಲ ಒಂದು ಕಾಗದ ಇರುವುದಿಲ್ಲ, ಇಲ್ಲವೇ ಕಂಬಕ್ಕೆ ಬಲ ಇರುವುದಿಲ್ಲ, ಇಲ್ಲವೇ ಮಳೆಗಾಲದಲ್ಲಿ ಗೇಟಿನವರೆಗೆ ನೀರು ಬರುತ್ತದೆ.

ಹಾಗಾಗಿ ಏರಿಯಾ ಯಾವುದು ಅನ್ನುವುದು ಎರಡನೆಯ ಪ್ರಶ್ನೆ. ಬೆಲೆ ಯಾಕೆ ಇಳಿದಿದೆ ಅನ್ನುವುದು ಮೊದಲನೆಯದು. ಆ ಕಾರಣ ಸರಿಪಡಿಸಲು ಆಗುವಂಥದ್ದಾದರೆ ಅದು ಒಳ್ಳೆಯ ವ್ಯಾಪಾರ. ಆಗದಿದ್ದರೆ ಉಳಿಸಿದ ದುಡ್ಡಿಗಿಂತ ಜಾಸ್ತಿ ಮುಂದೆ ಹೋಗುತ್ತದೆ.

ಮೂರು ಕಾಗದ, ಮೂರು ಅರ್ಥ

ಮುಂಬಯಿಯಲ್ಲಿ ಕಟ್ಟಡ ಏಳುವುದಕ್ಕೆ ಮಹಾನಗರ ಪಾಲಿಕೆಯ ಮೂರು ಮುಖ್ಯ ಕಾಗದ ಬೇಕು. ಮೊದಲು ಐಓಡಿ. ನಕ್ಷೆಗೆ ಇಂಥಿಂಥ ಷರತ್ತಿನ ಮೇಲೆ ಒಪ್ಪಿಗೆ ಅಂತ ಅರ್ಥ. ಆಮೇಲೆ ಸಿಸಿ, ಅಂದರೆ ಕೆಲಸ ಶುರು ಮಾಡಲು ಅನುಮತಿ. ಇದನ್ನು ಎಷ್ಟೋ ಸಲ ಹಂತಹಂತವಾಗಿ, ಇಂಥ ಮಾಳಿಗೆಯವರೆಗೆ ಅಂತ ಕೊಡುತ್ತಾರೆ. ಕೊನೆಗೆ ಓಸಿ. ನಕ್ಷೆಯಂತೆ ಕಟ್ಟಿದ್ದಾರೆ, ಷರತ್ತು ಪೂರೈಸಿದ್ದಾರೆ, ಇನ್ನು ಜನ ವಾಸ ಮಾಡಬಹುದು ಎಂಬ ಒಪ್ಪಿಗೆ.

ಓಸಿ ಸಿಗದೆ ಉಳಿಯುವುದಕ್ಕೆ ಕಾರಣ ಒಂದೇ ಅಲ್ಲ. ಬಿಲ್ಡರ್ ಪಾಲಿಕೆಗೆ ಕಟ್ಟಬೇಕಾದ ದುಡ್ಡು ಬಾಕಿ ಇಟ್ಟಿರಬಹುದು. ಪಾರ್ಕಿಂಗ್‌ಗೆ ಬಿಡಬೇಕಾದ ಜಾಗದಲ್ಲಿ ಅಂಗಡಿ ಎಬ್ಬಿಸಿರಬಹುದು. ಬಾಲ್ಕನಿಯನ್ನು ಹಾಲ್‌ಗೆ ಸೇರಿಸಿ ಮಾರಿರಬಹುದು. ಅನುಮತಿ ಇದ್ದದ್ದಕ್ಕಿಂತ ಮೇಲೆ ಮಾಳಿಗೆ ಹತ್ತಿಸಿರಬಹುದು. ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡಿನಲ್ಲಿ ಆದದ್ದು ಈ ಕೊನೆಯದೇ. ಒಪ್ಪಿಗೆಗಿಂತ ಮೇಲೆ ಕಟ್ಟಿದ ಮಾಳಿಗೆಗಳನ್ನು ಖಾಲಿ ಮಾಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿದ್ದವರು ಎರಡು ಮೂರು ದಶಕ ಅಲ್ಲೇ ಬದುಕಿದ್ದವರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಜನರಿಗಿದೆ. ‘ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತಿದ್ದೇವೆ, ಲೈಟ್ ಬಿಲ್ ನಮ್ಮ ಹೆಸರಲ್ಲಿದೆ, ರಿಜಿಸ್ಟ್ರೇಶನ್ ಕೂಡ ಆಗಿದೆ, ಹಾಗಾದರೆ ಮನೆ ಸಕ್ರಮ ಅಲ್ವಾ?’ ಅಲ್ಲ. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ. ರಿಜಿಸ್ಟ್ರೇಶನ್ ಅನ್ನುವುದು ನಿಮ್ಮಿಬ್ಬರ ವ್ಯವಹಾರದ ದಾಖಲೆ, ಕಟ್ಟಡದ ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಬೆಂಗಳೂರಿನ ‘ಬಿ’ ಖಾತಾ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಯಾರ ವಾದ ಏನು?

ನಿವಾಸಿಗಳ ವಾದ ಸುಳ್ಳಲ್ಲ. ತಪ್ಪು ಮಾಡಿದ್ದು ಬಿಲ್ಡರ್, ಕಟ್ಟುವಾಗ ಕಣ್ಣು ಮುಚ್ಚಿಕೊಂಡದ್ದು ಅಧಿಕಾರಿ. ದುಡ್ಡು ಕೊಟ್ಟ ನಾವು ಯಾಕೆ ಬೀದಿಗೆ ಬರಬೇಕು ಅನ್ನುತ್ತಾರೆ. 

ಸರ್ಕಾರದ ಲೆಕ್ಕ ಬೇರೆ. ಇಷ್ಟೊಂದು ಕಟ್ಟಡಗಳನ್ನು ಖಾಲಿ ಮಾಡಿಸುವುದು ಆಗದ ಕೆಲಸ. ಆಗುವಷ್ಟನ್ನು ಸಕ್ರಮ ಮಾಡಿದರೆ ಜನರಿಗೂ ನೆಮ್ಮದಿ, ಬೊಕ್ಕಸಕ್ಕೂ ದುಡ್ಡು. 

ಕೋರ್ಟಿನ ನಿಲುವು ದಿನದಿಂದ ದಿನಕ್ಕೆ ಬಿಗಿಯಾಗುತ್ತಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತೀರ್ಪು ಕೊಟ್ಟಿತು. ಎಷ್ಟು ವರ್ಷ ಕಳೆದರೂ, ಎಷ್ಟು ದುಡ್ಡು ಹಾಕಿದ್ದರೂ ಅಕ್ರಮ ಕಟ್ಟಡ ಸಕ್ರಮ ಆಗುವುದಿಲ್ಲ ಎಂದಿತು. ಕಟ್ಟಡಕ್ಕೆ ಓಸಿ ಇದೆಯೇ ಎಂದು ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು ಎಂದೂ ಸೂಚಿಸಿತು. ಓಸಿ ಇಲ್ಲದ ಹೊಸ ಮನೆಗಳಿಗೆ ಬೆಂಗಳೂರಿನಲ್ಲಿ ಕರೆಂಟು ಸಿಗದೆ ಜನ ಪರದಾಡಿದ್ದು ಈ ತೀರ್ಪಿನಿಂದಲೇ.

ಈ ಬ್ಯಾಂಕಿನ ಮಾತು ಕೊಳ್ಳುವವರಿಗೆ ಎಲ್ಲಕ್ಕಿಂತ ಮುಖ್ಯ. ಸಾಲ ಸಿಗದ ಮನೆಯನ್ನು ಪೂರ್ತಿ ದುಡ್ಡು ಕೈಯಲ್ಲಿ ಇರುವವರು ಮಾತ್ರ ಕೊಳ್ಳಬಹುದು. ಅಂಥವರು ಕಡಿಮೆ. ಹಾಗಾಗಿ ಬೆಲೆ ಇಳಿಯುತ್ತದೆ. ಇವತ್ತು ನಿಮಗೆ ಕಮ್ಮಿಗೆ ಸಿಕ್ಕಿದ ಮನೆಯನ್ನು ನಾಳೆ ನೀವು ಮಾರುವಾಗಲೂ ಕೊಳ್ಳುವವರು ಅಷ್ಟೇ ಜನ.

ಹೊಸ ಯೋಜನೆ ಏನನ್ನು ಸರಿಮಾಡಬಹುದು, ಏನನ್ನು ಆಗದು

ಬಾಕಿ ದುಡ್ಡು, ಒಳಗಿನ ಸಣ್ಣಪುಟ್ಟ ಬದಲಾವಣೆ, ಬಿಲ್ಡರ್ ಪಾಲಿಕೆಗೆ ಒಪ್ಪಿಸದೆ ಬಿಟ್ಟ ಕಾಗದ, ಇಂಥವನ್ನು ದಂಡ ಕಟ್ಟಿಸಿಕೊಂಡು ಮುಗಿಸಬಹುದು. ಇಂಥ ಕಟ್ಟಡಗಳು ಮುಂಬಯಿಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಇರುವವರಿಗೆ ಇದರಿಂದ ನಿಜವಾಗಿ ಒಳ್ಳೆಯದಾಗಬಹುದು.

ಆದರೆ ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಸುತ್ತಿ ಬರಲು ಜಾಗ ಇಲ್ಲದಿದ್ದರೆ ದಂಡ ಕಟ್ಟಿದರೆ ಜಾಗ ಹುಟ್ಟುವುದಿಲ್ಲ. ವಿಮಾನ ನಿಲ್ದಾಣದವರು ಹಾಕಿದ ಎತ್ತರದ ಮಿತಿಯನ್ನು ರಾಜ್ಯ ಸರ್ಕಾರ ಬದಲಿಸಲಾಗದು. ಪೂರ್ತಿ ಅಕ್ರಮವಾಗಿ ಎಬ್ಬಿಸಿದ ಮಾಳಿಗೆಗೆ ಸಮ್ಮತಿ ಕೊಟ್ಟರೆ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. 

ಆದ್ದರಿಂದ ‘ಸ್ಕೀಮ್ ಬಂದಿದೆ, ಓಸಿ ಆಗೇ ಆಗುತ್ತದೆ’ ಎಂದು ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಇಷ್ಟು ವರ್ಷ ಯಾಕೆ ಆಗಲಿಲ್ಲ? ಕಾರಣ ಬರಹದಲ್ಲಿ ಕೊಡಲಿ. ಅದು ದುಡ್ಡಿನ ಕಾರಣವಾದರೆ ಯೋಚಿಸಬಹುದು. ಬೆಂಕಿ, ಎತ್ತರ, ಹೆಚ್ಚುವರಿ ಮಾಳಿಗೆ ಅಂತಾದರೆ ಬಿಟ್ಟುಬಿಡುವುದು ಒಳ್ಳೆಯದು. ಬೆಂಕಿಯ ಕಾಗದವೆಂದರೆ ಸುಮ್ನೆ ಒಂದು ಠಸ್ಸೆಯಲ್ಲ. 2018ರ ಡಿಸೆಂಬರ್‌ನಲ್ಲಿ ಚೆಂಬೂರಿನ ತಿಲಕ್ ನಗರದ ಎತ್ತರದ ಕಟ್ಟಡವೊಂದರಲ್ಲಿ ಬೆಂಕಿ ಬಿದ್ದು ಐವರು ಸತ್ತರು.

ಪಗಡಿ, ಎಸ್‌ಆರ್‌ಎ: ಮನೆಯಂತೆ ಕಾಣುವ ಬೇರೆ ಹಕ್ಕುಗಳು

ದಾದರ್, ಪರೇಲ್, ಗಿರ್ಗಾಂವ್ ಕಡೆ ತುಂಬಾ ಕಮ್ಮಿ ಬೆಲೆ ಕೇಳಿದರೆ ಅದು ಪಗಡಿ ಮನೆ ಎಂದೇ ಮೊದಲು ಅಂದುಕೊಳ್ಳಬೇಕು. ಇಲ್ಲಿ ನೀವು ಕೊಳ್ಳುವುದು ಮನೆಯನ್ನಲ್ಲ, ಬಾಡಿಗೆದಾರನ ಹಕ್ಕನ್ನು. ತಿಂಗಳ ಬಾಡಿಗೆ ಚಿಲ್ಲರೆ ದುಡ್ಡು. ಜಾಗ, ಕಟ್ಟಡ ಎರಡೂ ಮನೆ ಮಾಲೀಕನದು. ಹಕ್ಕು ಮಾರುವಾಗ ಅವನಿಗೂ ಒಂದು ಪಾಲು ಹೋಗುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಈ ವ್ಯವಹಾರವನ್ನು ಒಪ್ಪಿಕೊಂಡಿದೆ, ಆದ್ದರಿಂದ ಪಗಡಿ ಅಂದಕೂಡಲೇ ಅಕ್ರಮವಲ್ಲ. ಆದರೆ ಬ್ಯಾಂಕ್ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ.

ಆದರೂ ಜನ ಯಾಕೆ ಕೊಳ್ಳುತ್ತಾರೆ? ರಿಡೆವಲಪ್‌ಮೆಂಟ್ ಆಸೆಯಿಂದ. ಕೊಲಾಬಾದಿಂದ ಸಯನ್, ಮಾಹಿಮ್‌ವರೆಗಿನ ದ್ವೀಪ ನಗರದಲ್ಲಿ 1969ರ ಸೆಪ್ಟೆಂಬರ್‌ಗಿಂತ ಮುಂಚಿನ ಬಾಡಿಗೆ ಕಟ್ಟಡಗಳಿಗೆ ‘ಸೆಸ್ ಕಟ್ಟಡ’ ಎನ್ನುತ್ತಾರೆ. ಅವು ರಿಪೇರಿ ಸೆಸ್ ಕಟ್ಟುತ್ತವೆ. ರಾಜ್ಯದ ಹೌಸಿಂಗ್ ಬೋರ್ಡ್ ಆದ ಮ್ಹಾಡಾದ ರಿಪೇರಿ ಮಂಡಳಿ ಅವುಗಳನ್ನು ನೋಡಿಕೊಳ್ಳುತ್ತದೆ. ಇಂಥ ಕಟ್ಟಡವನ್ನು ಕೆಡವಿ ಕಟ್ಟಿದರೆ ಬಾಡಿಗೆದಾರನಿಗೆ ಕನಿಷ್ಠ 300 ಚದರಡಿಯ ಸ್ವಂತ ಮನೆ ಸಿಗಬೇಕು. ಮಾಲೀಕ, ಬಾಡಿಗೆದಾರ, ಬಿಲ್ಡರ್ ಮೂವರೂ ಒಪ್ಪದೆ ಈ ಕೆಲಸ ನಿಂತಲ್ಲೇ ನಿಂತಿದೆ. ಆ ಗಂಟನ್ನು ಬಿಡಿಸುವುದೇ ಶಿಂಧೆಯವರ ಘೋಷಣೆಯ ಉದ್ದೇಶ. ಆದರೆ ಘೋಷಣೆಯಾದ ಕೂಡಲೇ ಹಕ್ಕಿನ ಬೆಲೆ ಏರುತ್ತದೆ, ಕೈಗೆ ಕೀಲಿಕೈ ಬರಲು ವರ್ಷಗಳೇ ಬೇಕು. ಅಷ್ಟರವರೆಗೆ ಹಳೆ ಗೋಡೆಯ ನಡುವೆಯೇ ಇರಬೇಕು. 2017ರ ಆಗಸ್ಟ್ 31ರಂದು ಭಿಂಡಿ ಬಜಾರ್‌ನಲ್ಲಿ ಬಿದ್ದ ಹುಸೈನಿ ಕಟ್ಟಡ ಕೂಡ ಇಂಥದ್ದೇ ಕಾಯುವಿಕೆಯಲ್ಲಿತ್ತು. ಅಲ್ಲಿ 33 ಮಂದಿ ಸತ್ತರು.

ಎಸ್‌ಆರ್‌ಎ, ಅಂದರೆ ಝೋಪಡಿಗಳ ಜಾಗದಲ್ಲಿ ಮನೆ ಕಟ್ಟಿಸುವ ಸರ್ಕಾರಿ ಪ್ರಾಧಿಕಾರದ ಯೋಜನೆಯ ಕಟ್ಟಡಗಳಲ್ಲಿ ಎರಡು ಬಗೆ. ಬಿಲ್ಡರ್ ಬಜಾರಿನಲ್ಲಿ ಮಾರುವ ಮನೆಗಳನ್ನು ಯಾರೂ ಕೊಳ್ಳಬಹುದು. ಝೋಪಡಿಯವರಿಗೆ ಉಚಿತವಾಗಿ ಕೊಟ್ಟ ಮನೆಯನ್ನು ಮಾತ್ರ ಅವಧಿ ಮುಗಿಯುವ ತನಕ ಮಾರುವಂತಿಲ್ಲ. ಮೊದಲು ಇದು 10 ವರ್ಷ ಇತ್ತು, ಈಗ 5. ಅವಧಿ ಮುಗಿಯದ ಮನೆಯನ್ನು ಪವರ್ ಆಫ್ ಅಟಾರ್ನಿ ಮೇಲೆ ಕೊಡುತ್ತೇವೆ ಎಂದು ಬರುವವರಿದ್ದಾರೆ. ಹಾಗೆ ಕೊಂಡರೆ ಒಡೆತನ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇದು ಮಾತ್ರ ಯಾವ ಬೆಲೆಗೂ ಬೇಡ.

ಸಯನ್‌ನಿಂದ ಘಾಟ್ಕೋಪರ್‌ವರೆಗೆ

ಕನ್ನಡಿಗರಿಗೆ ಮಾಟುಂಗಾ ಅಂದರೆ ಮನೆಯಂಗಳ. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ ಎಲ್ಲ ಅಲ್ಲೇ ಸುತ್ತಮುತ್ತ. 1896ರ ಪ್ಲೇಗಿನ ನಂತರ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಯೋಜನೆ ಹಾಕಿ ಎಬ್ಬಿಸಿದ ಬಡಾವಣೆ ಅದು. ಅಗಲ ರಸ್ತೆ, ಮರ, ಗಾಳಿ ಬೆಳಕು. ಆದ್ದರಿಂದಲೇ ಮಧ್ಯಮ ವರ್ಗದವರ ಕೈಗೆ ಈಗ ಅದು ಎಟುಕುವುದಿಲ್ಲ. ಅಲ್ಲಿಂದ ಒಂದೆರಡು ಸ್ಟೇಶನ್ ಆಚೆಗೆ ನೋಡುವುದೇ ವಾಸಿ.

ನೋಡಬೇಕಾದದ್ದು ಮುಖ್ಯವಾಗಿ ಹಳೆಯ ಹೌಸಿಂಗ್ ಬೋರ್ಡ್ ಕಾಲೋನಿಗಳನ್ನು. ಸಯನ್‌ನ ಪ್ರತೀಕ್ಷಾ ನಗರ, ಕುರ್ಲಾ ಪೂರ್ವದ ನೆಹರೂ ನಗರ, ಚೆಂಬೂರಿನ ತಿಲಕ್ ನಗರ, ಘಾಟ್ಕೋಪರ್‌ನ ಪಂತ್ ನಗರ, ವಿಕ್ರೋಲಿಯ ಕನ್ನಮ್ವಾರ್ ನಗರ. ಕುರ್ಲಾದಲ್ಲಿ ಬಂಟರ ಸಂಘದ ಕಟ್ಟಡವಿದೆ, ಹಾಗಾಗಿ ಆ ಕಡೆಯ ರಸ್ತೆಗಳು ನಮ್ಮವರಿಗೆ ಹೊಸದಲ್ಲ. ಈ ಕಾಲೋನಿಗಳಲ್ಲಿ ಪುಟ್ಟ ಖೋಲಿಗಳ ಹಳೆ ಕಟ್ಟಡಗಳು ಒಂದೊಂದಾಗಿ ಕೆಳಗಿಳಿದು ಹೊಸವು ಏಳುತ್ತಿವೆ. ಜಾಗ ಮ್ಹಾಡಾದ್ದು, ದಾಖಲೆ ಒಂದೇ ಕಡೆ ಸಿಗುತ್ತದೆ. ಖಾಸಗಿ ಜಾಗದ ತಕರಾರು ಕಮ್ಮಿ. ನನ್ನ ಅಭಿಪ್ರಾಯದಲ್ಲಿ ಒಂದೂವರೆ ಕೋಟಿಯ ಆಸುಪಾಸಿನವರು ಮೊದಲು ಹುಡುಕಬೇಕಾದ್ದು ಇಲ್ಲೇ. ಸೊಸೈಟಿಯ ಲೀಸ್ ಕಾಗದ, ಮ್ಹಾಡಾದ ಎನ್‌ಓಸಿ ಎರಡೂ ನೋಡಲೇಬೇಕು.

ಹಳೆ ಕಟ್ಟಡದಲ್ಲಿ ಕೊಂಡು ರಿಡೆವಲಪ್‌ಮೆಂಟ್‌ಗೆ ಕಾಯುವ ಯೋಚನೆ ಇದ್ದರೆ ಎರಡು ವಿಷಯ. ಒಂದು, ಕುರ್ಲಾ, ಘಾಟ್ಕೋಪರ್, ಸಾಂತಾಕ್ರೂಜ್, ವಿಲೇಪಾರ್ಲೆಯ ಕೆಲವು ಭಾಗ ವಿಮಾನ ಇಳಿಯುವ ದಾರಿಯ ಕೆಳಗೆ ಬರುತ್ತದೆ. ಅಲ್ಲಿ ಎತ್ತರಕ್ಕೆ ಕಟ್ಟುವಂತಿಲ್ಲ. ಎತ್ತರ ಇಲ್ಲದಿದ್ದರೆ ಮಾರಲು ಹೆಚ್ಚುವರಿ ಫ್ಲ್ಯಾಟು ಇಲ್ಲ. ಅದಿಲ್ಲದೆ ಬಿಲ್ಡರ್ ಬರುವುದಿಲ್ಲ. ಎರಡು, ಮಾತುಕತೆ ಆದ ಮೇಲೂ ಕೆಲಸ ನಿಲ್ಲಬಹುದು. ಗೋರೆಗಾಂವ್‌ನ ಪತ್ರಾ ಚಾಳಿನ 672 ಕುಟುಂಬಗಳು ಮನೆ ಬಿಟ್ಟುಕೊಟ್ಟು ಹತ್ತು ವರ್ಷಕ್ಕೂ ಜಾಸ್ತಿ ಕಾದವು. ಮಧ್ಯದಲ್ಲಿ ಬಾಡಿಗೆ ದುಡ್ಡು ಬರುವುದೂ ನಿಂತಿತ್ತು. ಹಾಗಾಗಿ ಇವತ್ತು ಇರುವ ಕಟ್ಟಡದಲ್ಲೇ ಹತ್ತು ವರ್ಷ ಇರಲು ಸಾಧ್ಯವೇ ಅನ್ನುವುದನ್ನು ನೋಡಿ ಬೆಲೆ ಕಟ್ಟಬೇಕು.

ಸಾಧ್ಯವೇ ಎಂದು ತಿಳಿಯಲು ಸ್ಟ್ರಕ್ಚರಲ್ ಆಡಿಟ್ ವರದಿ ಇದೆ. 30 ವರ್ಷ ದಾಟಿದ ಕಟ್ಟಡ ಇದನ್ನು ಮಾಡಿಸಲೇಬೇಕು. ಫಲಿತಾಂಶ ಸಿ1, ಸಿ2ಎ, ಸಿ2ಬಿ, ಸಿ3 ಎಂದು ಬರುತ್ತದೆ. ಸಿ1 ಅಂದರೆ ಖಾಲಿ ಮಾಡಿ ಕೆಡವಬೇಕಾದದ್ದು. ಸಿ3 ಅಂದರೆ ಸಣ್ಣ ರಿಪೇರಿ ಸಾಕು. ಕೆಳಗಿನ ಮಾಳಿಗೆಯಲ್ಲಿ ಅಂಗಡಿ, ನರ್ಸಿಂಗ್ ಹೋಮ್ ಇದ್ದರೆ ಗೋಡೆ ಕಂಬಗಳಿಗೆ ಕೈ ಹಾಕಿದ್ದಾರೆಯೇ ಎಂದು ಸೊಸೈಟಿಯಲ್ಲಿ ಬಿಡದೆ ಕೇಳಬೇಕು. 2017ರ ಜುಲೈನಲ್ಲಿ ಘಾಟ್ಕೋಪರ್‌ನಲ್ಲಿ ಕುಸಿದು 17 ಜನರನ್ನು ಬಲಿ ತೆಗೆದುಕೊಂಡ ಕಟ್ಟಡದಲ್ಲಿ ಕೆಳಗಿನ ಮಾಳಿಗೆಯ ಕೆಲಸದ ಮೇಲೆಯೇ ಬೆರಳು ತೋರಿಸಲಾಯಿತು.

ನೀರು, ಗಾಳಿ, ರಾತ್ರಿ ಹನ್ನೊಂದು ಗಂಟೆ

ಸೇಫ್ ಏರಿಯಾ ಅಂದಕೂಡಲೇ ಕಳ್ಳತನ, ಗಲಾಟೆ ನೆನಪಾಗುತ್ತದೆ. ಮುಂಬಯಿಯಲ್ಲಿ ನೀರಿನ ಭಯವೂ ಅಷ್ಟೇ ದೊಡ್ಡದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಯಾರೂ ಮರೆತಿಲ್ಲ. ಹಿಂದ್ಮಾತಾ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್, ಸಯನ್‌ನ ರೋಡ್ ನಂಬರ್ 24, ಕುರ್ಲಾದಲ್ಲಿ ಮೀಠಿ ನದಿಯ ದಂಡೆ, ಇವೆಲ್ಲ ತಗ್ಗು. ಜೋರು ಮಳೆಯ ಹೊತ್ತಿಗೇ ಸಮುದ್ರದ ಭರತಿ ಏರಿದ್ದರೆ ನೀರು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಪಾಲಿಕೆ ಪ್ರತಿ ಮಳೆಗಾಲಕ್ಕೆ ನಾಲ್ಕೂವರೆ ಮೀಟರ್ ದಾಟುವ ಭರತಿಯ ದಿನಗಳ ಪಟ್ಟಿ ಕೊಡುತ್ತದೆ. ಅಂಥ ಒಂದು ದಿನ ಮಳೆ ಬರುತ್ತಿರುವಾಗ ಮನೆ ನೋಡಲು ಹೋದರೆ ಯಾವ ಬ್ರೋಕರನೂ ಹೇಳದ ಸತ್ಯ ಕಣ್ಣಿಗೆ ಬೀಳುತ್ತದೆ. ಮೀಟರ್ ರೂಮ್ ಎಷ್ಟು ಎತ್ತರದಲ್ಲಿದೆ ಎಂದು ಅವತ್ತೇ ನೋಡಬೇಕು.

ಗಾಳಿಯ ವಿಷಯದಲ್ಲಿ ಚೆಂಬೂರಿನಲ್ಲಿ ಒಂದೊಂದು ಕಡೆ ಒಂದೊಂದು ಥರ. ಡೈಮಂಡ್ ಗಾರ್ಡನ್ ಸುತ್ತಲಿನ ಹಸಿರು ರಸ್ತೆ ಬೇರೆ, ತೈಲ ಶುದ್ಧೀಕರಣ ಘಟಕಗಳ ಪಕ್ಕದ ಮಾಹುಲ್ ಬೇರೆ. ಮಾಹುಲ್‌ನಲ್ಲಿ ಜನರನ್ನು ಬಲವಂತವಾಗಿ ಇರಿಸಬಾರದು ಎಂದು 2019ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಜಾಹೀರಾತಿನಲ್ಲಿ ಎರಡೂ ‘ಚೆಂಬೂರು’.

ಇನ್ನು ರಾತ್ರಿ. ಮನೆಯ ಹೆಣ್ಣುಮಕ್ಕಳು ಕೆಲಸ ಮುಗಿಸಿ ಬರುವ ಹೊತ್ತಿಗೆ ಸ್ಟೇಶನ್‌ನಿಂದ ಆ ಗೇಟಿನವರೆಗೆ ಅವರೊಂದಿಗೇ ಒಮ್ಮೆ ನಡೆದು ನೋಡಬೇಕು. ದೀಪ ಇದೆಯೇ, ತೆರೆದ ಅಂಗಡಿ ಎಷ್ಟಿವೆ, ಸ್ಕೈವಾಕ್‌ನಲ್ಲಿ ಓಡಾಟ ಇದೆಯೇ. ಈ ಹತ್ತು ನಿಮಿಷದ ನಡಿಗೆ ‘ಫ್ಯಾಮಿಲಿ ಏರಿಯಾ’ ಅನ್ನುವ ಮಾತಿಗಿಂತ ಜಾಸ್ತಿ ಹೇಳುತ್ತದೆ.

ಒಂದೂವರೆ ಕೋಟಿಯ ನಿಜವಾದ ಲೆಕ್ಕ

ಮನೆಯ ಬೆಲೆ 1.5 ಕೋಟಿ ಎಂದಿಟ್ಟುಕೊಳ್ಳೋಣ. 75 ಲಕ್ಷ ದಾಟಿದ ಗೃಹಸಾಲದಲ್ಲಿ ಬ್ಯಾಂಕ್ ಬೆಲೆಯ ಶೇ. 75ರಷ್ಟೇ ಕೊಡಬಹುದು, ಅಂದರೆ 1 ಕೋಟಿ 12.5 ಲಕ್ಷ. ಉಳಿದ 37.5 ಲಕ್ಷ ಕೈಯಿಂದ. ಮುಂಬಯಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ಮೆಟ್ರೋ ಸೆಸ್ ಸೇರಿ ಶೇ. 6, ಅಂದರೆ 9 ಲಕ್ಷ. ರಿಜಿಸ್ಟ್ರೇಶನ್ 30 ಸಾವಿರ. ಇವೆರಡಕ್ಕೆ ಸಾಲ ಸಿಗುವುದಿಲ್ಲ. ಹೀಗೆ ಬ್ರೋಕರೇಜ್ ಬಿಟ್ಟೇ ಸುಮಾರು 47 ಲಕ್ಷ ಕೈಯಲ್ಲಿರಬೇಕು. ಮನೆ ಹೆಂಗಸಿನ ಹೆಸರಲ್ಲಿ ಮಾತ್ರ ಇದ್ದರೆ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ, ಒಂದೂವರೆ ಲಕ್ಷ ಉಳಿಯುತ್ತದೆ. ಗಂಡನ ಹೆಸರು ಜೊತೆಗೆ ಸೇರಿದರೆ ಆ ರಿಯಾಯಿತಿ ಇಲ್ಲ. ಶೇ. 8.5 ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ತಿಂಗಳ ಕಂತು 97 ಸಾವಿರ ದಾಟುತ್ತದೆ.

ಕೆಲಸ ಮುಗಿಯದ ಹೊಸ ಕಟ್ಟಡವಾದರೆ ಇದರ ಮೇಲೆ ಶೇ. 5 ಜಿಎಸ್‌ಟಿ, ಅಂದರೆ ಇನ್ನೂ ಏಳೂವರೆ ಲಕ್ಷ. ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಹಾಗಾಗಿ ಓಸಿ ಇರುವ, ಹತ್ತು ಹದಿನೈದು ವರ್ಷ ಹಳೆಯ ಮನೆ ನೋಡಲು ದುಬಾರಿ ಅನಿಸಿದರೂ ಪೂರ್ತಿ ಲೆಕ್ಕದಲ್ಲಿ ಸೋವಿ ಬೀಳುವುದುಂಟು. 500 ಚದರಡಿಯ ಒಳಗಿನ ಮನೆಗೆ 2022ರಿಂದ ಪ್ರಾಪರ್ಟಿ ಟ್ಯಾಕ್ಸ್ ಮಾಫಿ ಇದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಇಷ್ಟು ದುಡ್ಡು ಆಗದವರಿಗೆ ಮ್ಹಾಡಾ ಲಾಟರಿಯ ದಾರಿಯಿದೆ. ಗಂಡ ಹೆಂಡತಿಯ ಒಟ್ಟು ಆದಾಯ ವರ್ಷಕ್ಕೆ 6 ಲಕ್ಷ, 9 ಲಕ್ಷ, 12 ಲಕ್ಷದ ಒಳಗಿನವರಿಗೆ ಬೇರೆಬೇರೆ ಗುಂಪು. ನಮ್ಮವರು ಎಡವುವುದು ಆದಾಯದಲ್ಲಿ ಅಲ್ಲ, ಡೊಮಿಸೈಲ್ ಸರ್ಟಿಫಿಕೇಟ್‌ನಲ್ಲಿ. ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದ ದಾಖಲೆ ಬೇಕು. ರೇಶನ್ ಕಾರ್ಡು ಊರಿನಲ್ಲೇ ಉಳಿದು, ಇಲ್ಲಿ ಹೋಟೆಲಿನ ಖೋಲಿಯಲ್ಲೇ ಅರ್ಧ ಆಯುಷ್ಯ ಕಳೆದವರಿಗೆ ಈ ದಾಖಲೆ ಜೋಡಿಸಲು ತಿಂಗಳುಗಳೇ ಹಿಡಿಯುತ್ತವೆ. ಲಾಟರಿ ಪ್ರಕಟವಾದ ಮೇಲೆ ಓಡಾಡಿದರೆ ತಡವಾಗುತ್ತದೆ. ಮಕ್ಕಳ ಶಾಲೆಯ ಕಾಗದ, ಹಳೆ ಬಾಡಿಗೆ ಕರಾರು, ಮತದಾರರ ಪಟ್ಟಿ, ಸಿಕ್ಕಿದ್ದನ್ನೆಲ್ಲ ಈಗಲೇ ಸೇರಿಸಿಡುವುದು ಒಳ್ಳೆಯದು.

ಟೋಕನ್ ಕೊಡುವ ಮೊದಲು

ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಎಗ್ರಿಮೆಂಟಿನ ದಿನವಲ್ಲ, ಟೋಕನ್ (ಮುಂಗಡ) ಕೊಟ್ಟ ದಿನ. ‘ಇನ್ನೊಬ್ಬ ಪಾರ್ಟಿ ಸಂಜೆ ಬರ್ತಾರೆ’ ಅಂದಕೂಡಲೇ ಎರಡು ಲಕ್ಷ ಕೈ ಬದಲಾಗುತ್ತದೆ. ಕಾಗದ ಕೇಳುವುದು ಆಮೇಲೆ. ಅಷ್ಟರಲ್ಲಿ ಹಿಂದೆ ಸರಿಯಲು ಮನಸ್ಸು ಬರುವುದಿಲ್ಲ.

ಮೊದಲು ಕೇಳಬೇಕಾದದ್ದು ನೀವು ಕೊಳ್ಳುವ ಮಾಳಿಗೆಗೆ ಅನ್ವಯಿಸುವ ಓಸಿ. ತಾರ್ದೇವದ ಕಟ್ಟಡದಲ್ಲಿ 16ನೇ ಮಾಳಿಗೆಯವರೆಗೆ ಓಸಿ ಇತ್ತು ಅನ್ನುವುದನ್ನು ಇಲ್ಲಿ ನೆನಪಿಡಬೇಕು. ಆಮೇಲೆ ಪ್ರಾಪರ್ಟಿ ಕಾರ್ಡ್, ಅದರಲ್ಲಿ ಜಾಗ ಸೊಸೈಟಿಯ ಹೆಸರಿಗೆ ಬಂದಿದೆಯೋ ಇನ್ನೂ ಬಿಲ್ಡರ್ ಹೆಸರಲ್ಲೇ ಇದೆಯೋ ಗೊತ್ತಾಗುತ್ತದೆ. ಕಲೆಕ್ಟರ್ ಜಾಗ, ಅಂದರೆ ಸರ್ಕಾರಿ ಜಾಗವಾಗಿದ್ದರೆ ಮಾರಲು ಅವರ ಅನುಮತಿ ಬೇಕಾಗಬಹುದು. ಮೊದಲ ಮಾಲೀಕನಿಂದ ಇವತ್ತಿನವರೆಗಿನ ಎಲ್ಲ ಎಗ್ರಿಮೆಂಟ್‌ಗಳು, ಸೊಸೈಟಿಯ ಶೇರ್ ಸರ್ಟಿಫಿಕೇಟ್, ಇಂಡೆಕ್ಸ್ 2 (ರಿಜಿಸ್ಟ್ರೇಶನ್‌ನ ಸಾರಾಂಶ), ಆಡಿಟ್ ವರದಿ, ಸೊಸೈಟಿಯ ಕಳೆದ ಸಭೆಯ ನಡಾವಳಿ. ಹೊಸ ಕಟ್ಟಡವಾದರೆ ಮಹಾರೇರಾ (ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರ) ಸೈಟಿನಲ್ಲಿ ನೋಂದಣಿ, ಅದರಲ್ಲಿ ಬರೆದಿರುವ ಮುಗಿಸುವ ದಿನ. ಬ್ಯಾಂಕಿನ ವಕೀಲರು ನೋಡುತ್ತಾರಲ್ಲ ಎಂದು ಸುಮ್ಮನಿರಬಾರದು. ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಎಷ್ಟು ಬೇಕೋ ಅಷ್ಟು.

ಮಾಲೀಕರು ಇವನ್ನೆಲ್ಲ ತೋರಿಸುವ ಮೊದಲೇ ಟೋಕನ್ ಕೇಳಿದರೆ, ರಸೀದಿಯಲ್ಲಿ ಒಂದು ಸಾಲು ಬರೆಸಿಕೊಳ್ಳಬೇಕು: ಓಸಿ ಪ್ರತಿ ಸಿಗದಿದ್ದರೆ, ಇಲ್ಲವೇ ಬ್ಯಾಂಕ್ ಈ ಕಟ್ಟಡಕ್ಕೆ ಸಾಲ ಕೊಡಲು ಒಪ್ಪದಿದ್ದರೆ, ಇಷ್ಟು ದಿನದೊಳಗೆ ಪೂರ್ತಿ ದುಡ್ಡು ವಾಪಸ್. ಕಾಗದ ಸರಿಯಿರುವವರು ಈ ಸಾಲಿಗೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ತಕರಾರು ಮಾಡಿದರೆ ಬೆಲೆ ಯಾಕೆ ಇಳಿದಿತ್ತು ಅನ್ನುವುದು ಟೋಕನ್ ಕೊಡುವ ಮೊದಲೇ ಗೊತ್ತಾದಂತೆ.